ಹಳೆಯ ಕಾರಿಗೆ ಕಟ್ಟುವ ಬೆಲೆ

ಹಳೆಯ ವಸ್ತುವೊಂದರ ಬೆಲೆಯನ್ನು ನಿರ್ಧರಿಸುವವರು ಯಾರು? ಮಾರುವವನೋ, ಕೊಳ್ಳುವವನೋ ಅಥವಾ ಅದನ್ನು ಪ್ರೀತಿಸಿದವನೋ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಒಂದು ಕಾರಿನ ಕುರಿತು ನಿಮ್ಮೊಡನೆ ಚಿಂತಿಸಬಯಸುತ್ತೇನೆ. ಕಾರಿಗೂ ಧ್ಯಾನಕ್ಕೂ ಎಲ್ಲಿಯ ಸಂಬಂಧವೆಂದು ಹುಬ್ಬೇರಿಸಬೇಡಿ. ಕಳೆದುಹೋದ ನಾಣ್ಯ, ಹಿಟ್ಟಿನೊಳಗಿನ ಹುಳಿ, ಮೀನಿನ ಬಲೆ ಇವುಗಳನ್ನೇ ಸಾಮತಿಗಳನ್ನಾಗಿಸಿದ ಪ್ರಭುವಿನ ಶಿಷ್ಯರಲ್ಲವೇ ನಾವು?

1989ರ ಫೆಬ್ರುವರಿಯಲ್ಲಿ ಜಪಾನಿನ ಮಜ್ದಾ ಕಂಪನಿಯು ಅಮೆರಿಕದ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಪುಟ್ಟ ಕಾರೊಂದನ್ನು ಅನಾವರಣಗೊಳಿಸಿತು. ಎರಡೇ ಆಸನಗಳು, 1.6 ಲೀಟರಿನ ಇಂಜಿನ್, ಒಂದು ಟನ್ನಿಗೂ ಕಡಿಮೆ ತೂಕ, ಹಿಂದಕ್ಕೆ ಮಡಚಬಹುದಾದ ಮೇಲ್ಹೊದಿಕೆ. ಅಮೆರಿಕದಲ್ಲಿ ಮಿಯಾಟಾ ಎಂದೂ ಜಪಾನಿನಲ್ಲಿ ರೋಡ್‌ಸ್ಟರ್ ಎಂದೂ ಅದು ಹೆಸರಾಯಿತು. 1997ರವರೆಗೆ ತಯಾರಾದ ಮೊದಲ ಪೀಳಿಗೆಯ ಕಾರುಗಳೇ ನಾಲ್ಕು ಲಕ್ಷಕ್ಕೂ ಅಧಿಕ. ಮುಂದಿನ ಪೀಳಿಗೆಗಳೂ ಸೇರಿ 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಗಡಿ ದಾಟಿತು. ಆ ಮೊದಲ ಕಾರುಗಳಿಗೆ ಇಂದು ಮೂವತ್ತು ದಾಟಿದ ವೃದ್ಧಾಪ್ಯ.

ಇಂತಹ ಕಾರನ್ನು ಕೊಳ್ಳಲು ಹೋಗುವ ಜಾಣನು ಹೊಳೆಯುವ ಬಣ್ಣವನ್ನು ಕೊನೆಯಲ್ಲಿ ನೋಡುತ್ತಾನೆ. ಮೊದಲು ಮಂಡಿಯೂರಿ ಬಾಗಿಲ ಕೆಳಗಿನ ಉದ್ದನೆಯ ಪಟ್ಟಿಯನ್ನು, ಅದರಲ್ಲಿಯೂ ಹಿಂದಿನ ಚಕ್ರದ ಸಮೀಪದ ಭಾಗವನ್ನು ಪರೀಕ್ಷಿಸುತ್ತಾನೆ. ಲೋಹದ ಛಾವಣಿಯಿಲ್ಲದ ಕಾರಿಗೆ ಬಲ ಬರುವುದು ಬಹುಮಟ್ಟಿಗೆ ಈ ತಳಭಾಗದಿಂದಲೇ. ಹೊದಿಕೆಯ ಮೇಲೆ ಬಿದ್ದ ಮಳೆನೀರು ಹೊರಹೋಗಲೆಂದು ಆಸನಗಳ ಹಿಂದೆ ಎರಡು ಸಣ್ಣ ಕೊಳವೆಗಳಿವೆ. ಒಣಗಿದ ಎಲೆಗಳೂ ಧೂಳೂ ಸೇರಿ ಆ ಕೊಳವೆಗಳು ಕಟ್ಟಿಕೊಂಡರೆ ನೀರು ಒಳಗೇ ನಿಂತು, ಪಟ್ಟಿಯ ಒಳಮೈಯನ್ನು ತುಕ್ಕು ತಿನ್ನತೊಡಗುತ್ತದೆ. ಹೊರಗೆ ಗುಳ್ಳೆಯೆದ್ದು ಕಾಣುವ ಹೊತ್ತಿಗೆ ಒಳಗಿನ ಉಕ್ಕು ಹುಡಿಯಾಗಿರುತ್ತದೆ. ಕೆಲವರು ಆ ತೂತಿಗೆ ಪುಟ್ಟಿ ತುಂಬಿ ಬಣ್ಣ ಬಳಿದು ಮಾರುವುದುಂಟು. ಅದಕ್ಕಾಗಿಯೇ ಬಲ್ಲವರು ಜೇಬಿನಲ್ಲೊಂದು ಅಯಸ್ಕಾಂತವನ್ನಿಟ್ಟುಕೊಂಡಿರುತ್ತಾರೆ. ಪುಟ್ಟಿಗೆ ಅಯಸ್ಕಾಂತ ಅಂಟುವುದಿಲ್ಲ!

ನಮ್ಮ ಆತ್ಮಶೋಧನೆಯೂ ಹೀಗೆಯೇ ಅಲ್ಲವೇ? ಮಹಾಪಾತಕವೊಂದರಿಂದ ಏಕಾಏಕಿ ಕುಸಿದವರು ವಿರಳ. ಆಡದೆ ಉಳಿದ ಒಂದು ಕ್ಷಮೆಯ ಮಾತು, ದಿನದಿನವೂ ಮುಂದೂಡಿದ ಪ್ರಾರ್ಥನೆ, ಬಿಟ್ಟುಕೊಡಲಾಗದ ಒಂದು ಹಗೆ ಇವೆಲ್ಲ ಒಣ ಎಲೆಗಳಂತೆ ಕೊಳವೆಯನ್ನು ಮುಚ್ಚುತ್ತವೆ. ಹೊರಗಿನ ಭಕ್ತಿಯ ಬಣ್ಣ ಹೊಳೆಯುತ್ತಲೇ ಇರುತ್ತದೆ.

ಇನ್ನು ಮೌಲ್ಯಮಾಪನದ ಮಾತು. ಮಾರುಕಟ್ಟೆ ಹಳೆಯ ಕಾರುಗಳನ್ನು ಸ್ಥಿತಿಗನುಗುಣವಾಗಿ ದರ್ಜೆಗಳನ್ನಾಗಿ ವಿಂಗಡಿಸುತ್ತದೆ. ಮೂಲ ಭಾಗಗಳು ಉಳಿದಿವೆಯೇ, ದುರಸ್ತಿಯ ದಾಖಲೆಗಳಿವೆಯೇ, ಎಷ್ಟು ದೂರ ಓಡಿದೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಜೀರ್ಣೋದ್ಧಾರದ ಲೆಕ್ಕ ಮಾತ್ರ ವಿಚಿತ್ರವಾದುದು. ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ತೆಗೆದು ಹೊಸ ಉಕ್ಕನ್ನು ಬೆಸೆಯಬೇಕು, ಇಂಜಿನ್ನನ್ನು ಬಿಚ್ಚಿ ಜೋಡಿಸಬೇಕು, ಹೊದಿಕೆಯನ್ನು ಬದಲಿಸಬೇಕು. ಎಲ್ಲ ಮುಗಿದ ಮೇಲೆ ಕೂಡಿ ನೋಡಿದರೆ ಕಾರನ್ನು ಮಾರಿ ಬರುವ ಹಣಕ್ಕಿಂತ ಖರ್ಚಾದ ಹಣವೇ ಹೆಚ್ಚಾಗಿರುವುದು ಸಾಮಾನ್ಯ. ವ್ಯಾಪಾರಿಯ ಕಣ್ಣಿಗೆ ಇದು ಹುಚ್ಚುತನ.

ಆದರೂ 2017ರ ಡಿಸೆಂಬರಿನಲ್ಲಿ ಮಜ್ದಾ ಕಂಪನಿಯು ಜಪಾನಿನಲ್ಲಿ ಮೊದಲ ಪೀಳಿಗೆಯ ರೋಡ್‌ಸ್ಟರ್‌ಗಳ ಜೀರ್ಣೋದ್ಧಾರಕ್ಕೆ ಅರ್ಜಿಗಳನ್ನು ಸ್ವೀಕರಿಸಲಾರಂಭಿಸಿತು. ತಯಾರಿಕೆ ನಿಂತುಹೋಗಿದ್ದ ಮೇಲ್ಹೊದಿಕೆ, ನಾರ್ದಿ ಕಂಪನಿಯ ಮರದ ಸ್ಟಿಯರಿಂಗ್ ಚಕ್ರ, ಅಂದಿನದೇ ವಿನ್ಯಾಸದ ಬ್ರಿಜ್‌ಸ್ಟೋನ್ ಟೈರುಗಳನ್ನು ಮತ್ತೆ ತಯಾರಿಸಲಾಯಿತು. ಈ ಕಂಪನಿಯ ನೆಲೆ ಹಿರೋಷಿಮಾ ಎಂಬುದನ್ನು ನೆನೆದಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. 1945ರ ಆಗಸ್ಟ್ 6ರಂದು ಬೂದಿಯಾದ ನಗರವದು. ಆ ಸ್ಫೋಟದಲ್ಲಿ ಗಾಯಗೊಂಡ ಯೇಸುಸಭೆಯ ಗುರು ಹ್ಯೂಗೋ ಲಾಸಾಲ್‌ರವರ ಶ್ರಮದಿಂದ ಅಲ್ಲಿ ವಿಶ್ವಶಾಂತಿಯ ಸ್ಮಾರಕ ಪ್ರಧಾನಾಲಯ 1954ರಲ್ಲಿ ಪೂರ್ಣಗೊಂಡಿತು. ಹಾಳಾದುದನ್ನು ಮರಳಿ ಕಟ್ಟುವುದೆಂದರೇನೆಂದು ಆ ನೆಲಕ್ಕೆ ತಿಳಿದಿದೆ.

ನಾವು ವಿಮೋಚನೆ ಎನ್ನುವ ಪರಿಕಲ್ಪನೆಯಲ್ಲಿಯೂ ಬೆಲೆ ತೆತ್ತು ಬಿಡಿಸಿಕೊಳ್ಳುವ ಅರ್ಥವಿದೆ. ತೆತ್ತ ಬೆಲೆ ನಮ್ಮ ಮಾರುಕಟ್ಟೆಯ ದರಕ್ಕಿಂತ ಎಷ್ಟೋ ಪಾಲು ಮಿಗಿಲು ಎಂಬುದೇ ಶಿಲುಬೆಯ ರಹಸ್ಯ. ಆದರೆ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ತುಕ್ಕು ತಳಭಾಗವನ್ನೆಲ್ಲ ವ್ಯಾಪಿಸಿದ್ದರೆ ನುರಿತ ಕುಶಲಕರ್ಮಿಯೂ ಕೈಚೆಲ್ಲುತ್ತಾನೆ. ಆ ಕಾರು ಬಿಡಿಭಾಗಗಳಿಗಾಗಿ ಬಿಚ್ಚಿಹೋಗುತ್ತದೆ. ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯದ ಕುರುಬನಾದರೋ ಕುರಿಯ ಸ್ಥಿತಿಯನ್ನು ವಿಚಾರಿಸಿ ಹುಡುಕಲು ಹೊರಟವನಲ್ಲ.

ಹಾಗಾದರೆ ನಮ್ಮ ಧರ್ಮಕೇಂದ್ರಗಳು ಯಾರನ್ನು ಅನುಸರಿಸುತ್ತಿವೆ? ಕುಡಿತಕ್ಕೆ ಬಿದ್ದವನನ್ನು, ಮುರಿದ ದಾಂಪತ್ಯದವಳನ್ನು, ಹತ್ತು ವರ್ಷಗಳಿಂದ ಪಾಪನಿವೇದನೆಗೆ ಬಾರದವನನ್ನು ಕಂಡಾಗ ನಾವು ದರ್ಜೆ ಕಟ್ಟುತ್ತೇವೆಯೋ, ಹುಡುಕಿಕೊಂಡು ಹೋಗುತ್ತೇವೆಯೋ? ಮನೆಯ ಮೂಲೆಯಲ್ಲಿ ಕುಳಿತ ವೃದ್ಧ ತಂದೆಯ ಔಷಧಿಯ ಖರ್ಚನ್ನು ಯಾವ ಕಣ್ಣಿನಿಂದ ನೋಡುತ್ತೇವೆ?

ಜೀರ್ಣೋದ್ಧಾರವೆಂದರೆ ಎಲ್ಲ ಗುರುತುಗಳನ್ನೂ ಅಳಿಸುವುದೆಂದು ತಿಳಿಯಬೇಡಿ. ಎಷ್ಟೋ ಮಾಲೀಕರು ಆಸನದ ಸವೆತವನ್ನು, ಹಿಡಿಯ ಮೇಲಿನ ಬೆರಳಿನ ನುಣುಪನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ. ಪುನರುತ್ಥಾನರಾದ ಪ್ರಭುವೂ ತೋಮನಿಗೆ ತೋರಿಸಿದ್ದು ತಮ್ಮ ಗಾಯಗಳನ್ನೇ. ಆದುದರಿಂದ ಓದುಗರೇ, ನಿಮ್ಮ ಕೊಳವೆಗಳಲ್ಲಿ ಸಿಕ್ಕಿಕೊಂಡ ಎಲೆಗಳನ್ನು ಈ ವಾರವೇ ತೆಗೆಯಿರಿ. ನಿಮ್ಮ ಪಕ್ಕದವರ ತುಕ್ಕನ್ನು ಕಂಡು ಬೆಲೆ ಇಳಿಸುವ ಮುನ್ನ, ಅವರಿಗಾಗಿ ಆಗಲೇ ತೆತ್ತಿರುವ ಬೆಲೆಯನ್ನು ನೆನೆಯಿರಿ.