ಹತಾರ

ನಮ್ಮ ಕಡೆ 'ಹತಾರ' ಎಂಬುದು ಒಂದೇ ಮಾತು. ಕಂಬಾರನ ಸುತ್ತಿಗೆ ಇಕ್ಕಳಗಳೂ ಹತಾರ, ಬಡಿಗನ ಉಳಿ ಬಾಚಿಗಳೂ ಹತಾರ, ಕಾಳಗಕ್ಕೆ ಹೋಗುವವನ ಕತ್ತಿಯೂ ಹತಾರ. ದುಡಿಯುವ ಸಾಧನಕ್ಕೂ ಹೊಡೆದಾಡುವ ಆಯುಧಕ್ಕೂ ಬೇರೆ ಬೇರೆ ಹೆಸರು ಬೇಕೆಂದು ನಮ್ಮ ಹಿರಿಯರಿಗೆ ಅನಿಸಿರಲಿಕ್ಕಿಲ್ಲ. ಸರ್ಕಾರಗಳಿಗೆ ಮಾತ್ರ ಅನಿಸುತ್ತ ಬಂದಿದೆ.

1857ರಲ್ಲಿ ಕಂಪನಿ ಸರ್ಕಾರ, ಜನ ತಮ್ಮಲ್ಲಿರುವ ಆಯುಧಗಳನ್ನು ಒಪ್ಪಿಸಬೇಕೆಂದು ಕಾಯಿದೆ ಮಾಡಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯಾಡಿ ಬದುಕುವವರಿಗೆ ಹತಾರ ಹೋದರೆ ಹೊಟ್ಟೆಯೇ ಹೋದಂತೆ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ನೇಣಿಗೆ ಹಾಕಿದರು. ಆ ಕತೆಯನ್ನು ಹಾಡುವ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಅವರೇ ಸಂಗ್ರಹಿಸಿದರು ಎಂಬುದು ಒಂದು ವಿಚಿತ್ರ. ಹಲಗಲಿ ನಮ್ಮ ಮೂಡಲಗಿಯಿಂದ ಬಹಳ ದೂರವೇನಲ್ಲ. ಸ್ವತಂತ್ರ ಭಾರತದಲ್ಲಿ 1959ರ ಆಯುಧ ಕಾಯಿದೆ ಬಂತು. ಅದರ ನಿಯಮಗಳ ಪ್ರಕಾರ ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿರುವ ಕತ್ತಿ, ಕಠಾರಿ, ಯುದ್ಧದ ಕೊಡಲಿಗಳು ಆಯುಧಗಳು. ಮನೆಗೆಲಸ, ಹೊಲದ ಕೆಲಸಕ್ಕೆಂದು ಮಾಡಿದವು ಆಯುಧಗಳಲ್ಲ. ಅಂದರೆ ಅಳತೆಪಟ್ಟಿ ಹಿಡಿದು ನೋಡಿದರೆ ಸಾಲದು, ಅದನ್ನು ಯಾಕೆ ಮಾಡಿದ್ದು ಎಂದೂ ಕೇಳಬೇಕು. ಈ ಪ್ರಶ್ನೆ ನಮ್ಮ ಮನೆಗೂ ಬಂದದ್ದು ಒಂದು ಕೊಡಲಿಯಿಂದಾಗಿ.

ನಮ್ಮ ದಾದಾ, ಅಂದರೆ ಅಪ್ಪನ ಅಪ್ಪ, ಎಲ್ಲಿಗೆ ಹೊರಟರೂ ಹೆಗಲ ಮೇಲೆ ಒಂದು ಕೊಡಲಿ ಇರುತ್ತಿತ್ತು. ಅಂಗೈಯಗಲದ ಬಾಯಿ, ಎದೆಯೆತ್ತರದ ಕಾವು. ಬೇಲಿಗೆ ಮುಳ್ಳು ಕಡಿಯಲು, ಒಲೆಗೆ ಜಾಲಿ ಸೀಳಲು ಅದೇ. ಮೊಹರಮ್ಮಿನ ಚಂದ್ರ ಕಂಡು ಅಲಾಯಿ ಕುಣಿಗೆ ಗುದ್ದಲಿ ಹಾಕಿದ ಮೇಲೆ, ಕುಣಿಗೆ ಬೇಕಾದ ಕಟ್ಟಿಗೆ ಕಡಿಯಲು ಊರಿನ ಲಿಂಗಾಯತರು ಕುರುಬರು ಬಂದು ಕೇಳಿಕೊಂಡು ಒಯ್ಯುತ್ತಿದ್ದದ್ದೂ ಅದೇ. ಅದರ ಜೊತೆಗೆ ಒಂದು ಚೂರಿ. ಅದು ವರ್ಷಕ್ಕೊಮ್ಮೆ, ಬಕ್ರೀದಿಗೆ ಮಾತ್ರ ಹೊರಗೆ ಬರುತ್ತಿತ್ತು. ಮಿಕ್ಕ ದಿನ ಎಣ್ಣೆ ಬಟ್ಟೆ ಸುತ್ತಿಕೊಂಡು ಜಂತಿಯಲ್ಲಿ ಮಲಗಿರುತ್ತಿತ್ತು.

ಮನೆ ಪಾಲಾಗಿ ನಾವು ಮೂವರು ಅಣ್ಣತಮ್ಮಂದಿರು ಮೂರು ಊರು ಸೇರಿದೆವು: ಗೋಕಾಕ, ಮೂಡಲಗಿ, ಹುಕ್ಕೇರಿ. ಹೊಲ ಮೂರು ಪಾಲಾಯಿತು, ಪಾತ್ರೆ ಪಗಡೆಯೂ ಆಯಿತು. ಕೊಡಲಿ ಮಾತ್ರ ಒಂದೇ. ಅದು ಹುಕ್ಕೇರಿಯ ಮನೆಗೆ ಹೋಯಿತು. ಮಿಕ್ಕ ಎರಡು ಮನೆಗೆ ಅದರಂಥದೇ ಎರಡು ಮಾಡಿಸಿದರೆ ಹೇಗೆ ಎಂಬ ಮಾತು ಬಂದದ್ದು ಹಾಗೆ. ನೋಡಿದವರು ಇದು ದಾದಾನದೇ ಅನ್ನಬೇಕು, ಅಷ್ಟೇ ನಮ್ಮ ಆಸೆ.

ಮೊದಲು ಪೇಟೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆವು. ಹುಡುಗ ಜಾಣ. ಹಳೆಯದನ್ನು ತಗಡಿನ ಮೇಲಿಟ್ಟು ಗೆರೆ ಎಳೆದು, ಗ್ಯಾಸಿನಲ್ಲಿ ಕತ್ತರಿಸಿ, ಕಾವು ತೂರಿಸಲು ಪೈಪಿನ ತುಂಡು ಬೆಸೆದು ಅರ್ಧ ದಿನದಲ್ಲಿ ಕೈಗಿಟ್ಟ. ಕಣ್ಣಿಗೆ ಅದೇ ಕೊಡಲಿ. ಕರಿಬಣ್ಣ ಬಳಿದ ಮೇಲಂತೂ ಹಳೆಯದಕ್ಕಿಂತ ಚೆಂದ. ಮೂಡಲಗಿಯ ಹಿತ್ತಲಲ್ಲಿ ಒಣಗಿದ ಜಾಲಿಯ ಬೊಡ್ಡೆಗೆ ನಾಲ್ಕು ಏಟು ಹಾಕಿದಾಗ ಅದರ ಬಾಯಿ ರೊಟ್ಟಿಯ ಅಂಚಿನಂತೆ ಮಡಚಿಕೊಂಡಿತು.

ಕೈಯಿಂದ ಬಡಿಯುವವರೇ ಬೇಕೆಂದು ಹುಡುಕುತ್ತ ಘಟಪ್ರಭೆ ದಂಡೆಯ ಒಂದು ಹಳ್ಳಿಗೆ ಹೋದೆವು. ಕಂಬಾರಿಕೆಗೆ ಈ ಸೀಮೆಯಲ್ಲಿ ಕೊರತೆಯಿರಲಿಲ್ಲ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಕಂಬಾರರ ಮನೆಯಲ್ಲಿ ಹುಟ್ಟಿದ ಹುಡುಗ ಚಂದ್ರಶೇಖರ, ಬಡತನಕ್ಕೆ ಶಾಲೆ ಬಿಟ್ಟು, ಸಾವಳಗಿ ಮಠದ ಸ್ವಾಮಿಗಳ ನೆರವಿನಿಂದ ಮತ್ತೆ ಓದಿ, 2010ರ ಸಾಲಿನ ಜ್ಞಾನಪೀಠ ಪಡೆದರು. ಅವರ ಹೆಸರಿನಲ್ಲೇ ಕುಲುಮೆ ಇದೆ. ಆದರೆ ರಾಶಿಯ ಕಾಲಕ್ಕೆ ಕಣದಲ್ಲಿ ಕಂಬಾರನಿಗೆ ಆಯ ಅಳೆದು ಕೊಡುವ ಪದ್ಧತಿ ನಿಂತು ಹೋಗಿ ಕಾಲವಾಯಿತು. ಟ್ರ್ಯಾಕ್ಟರ್ ಬಂದ ಮೇಲೆ ಕುಳ ಹಣಿಸಿಕೊಂಡು ಹೋಗಲು ಯಾರೂ ಬರುವುದಿಲ್ಲ.

ಹುಕ್ಕೇರಿಯಿಂದ ಕೊಡಲಿ ಒಯ್ಯುವುದೇ ಒಂದು ಪ್ರಸಂಗವಾಯಿತು. ಭಾಬಿ ಬೇಡವೆಂದರು. "ಬಸ್ಸಿನ್ಯಾಗ ಯಾರರ ಚೀಲ ಬಿಚ್ಚಿ ಹೆಸರು ಕೇಳಿದ್ರ ಏನಂತ ಹೇಳ್ತೀರಿ?" ದಾದಾ ಅದನ್ನು ಹೆಗಲ ಮೇಲಿಟ್ಟುಕೊಂಡು ಸಂತೆ, ಜಾತ್ರೆ, ಕಚೇರಿ ಎಲ್ಲ ಕಡೆ ಹೋಗಿಬಂದವರು. ಕೊಡಲಿ ಅದೇ, ದಾರಿ ಅದೇ. ನಾವು ಕಾವು ಬಿಚ್ಚಿ, ಕಬ್ಬಿಣವನ್ನು ಗೋಣಿಯಲ್ಲಿ ಸುತ್ತಿ, ಮೇಲೆ ಮೆಂತ್ಯದ ಕಟ್ಟು ಇಟ್ಟುಕೊಂಡು ಹೋದೆವು. ಯಾರೂ ಕೇಳಲಿಲ್ಲ. ಕೇಳದಿದ್ದರೂ ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಳ್ಳುತ್ತಲೇ ಕೂತಿದ್ದೆವು.

ಕಂಬಾರ ಕಾಕಾ ಎಪ್ಪತ್ತು ದಾಟಿದವರು. ಕೊಡಲಿಯನ್ನು ತಿರುಗಿಸಿ ನೋಡಿ ಮೊದಲು ಕೇಳಿದ್ದು ಒಂದೇ ಮಾತು.

"ಇದರಿಂದ ಏನ ಕಡಿಯೂದೈತ್ರಿ, ಸಾಬ್ರ?"

"ಕಡಿಯೂದೇನಿಲ್ಲ ಕಾಕಾ, ದಾದಾನ ನೆನಪಿಗೆ ಮನ್ಯಾಗ ಇಡೂದು."

"ನೆನಪಿಗಾದ್ರ ಫೋಟೋ ತಗಸ್ರಿ. ಬಾಯಿ ಇಲ್ಲದ ಕೊಡ್ಲಿ ನಾ ಮಾಡಂಗಿಲ್ಲ."

ಆಮೇಲೆ ಅರದಿಂದ ಹಳೆಯ ಕೊಡಲಿಯ ಕೆನ್ನೆಯನ್ನು ನಾಲ್ಕು ಸಲ ಉಜ್ಜಿ ಬಿಸಿಲಿಗೆ ಹಿಡಿದು ತೋರಿಸಿದರು. ಬಾಯಿಯಿಂದ ಎರಡು ಬೆರಳು ಹಿಂದೆ ಕೂದಲೆಳೆಯಂಥ ಒಂದು ಗೆರೆ. ಗೆರೆಯ ಹಿಂದೆ ಬೂದುಬಣ್ಣ, ಮುಂದೆ ಬೆಳ್ಳಗೆ ಹೊಳಪು. ಇಷ್ಟು ವರ್ಷ ನಮ್ಮ ಮನೆಯಲ್ಲಿದ್ದರೂ ನಾವು ಯಾರೂ ಅದನ್ನು ಕಂಡಿರಲಿಲ್ಲ. "ಮೈ ಕಬ್ಬಣ, ಬಾಯಿ ಉಕ್ಕು. ಎಲ್ಲಾ ಉಕ್ಕಾದ್ರ ಏಟಿಗೆ ಸಿಡದ ಹೋಕ್ಕೈತಿ. ಎಲ್ಲಾ ಕಬ್ಬಣಾದ್ರ ನಿಮ್ಮ ಆ ಹೊಸಾದು ಆದಂಗ ಆಕ್ಕೈತಿ." ಹಳೆಯ ಕಾಲದಲ್ಲಿ ಉಕ್ಕು ದುಬಾರಿ, ಅದಕ್ಕೇ ಬಾಯಿಗಷ್ಟೇ ಹಾಕುತ್ತಿದ್ದರು ಎಂದು ಓದಿದ್ದೆವು. ಅದು ಅರ್ಧ ಮಾತು. ಮೆತ್ತಗಿನ ಮೈ ಏಟನ್ನು ತಿನ್ನುತ್ತದೆ, ಗಟ್ಟಿ ಬಾಯಿ ಕಟ್ಟಿಗೆಯನ್ನು ತಿನ್ನುತ್ತದೆ. ಜಗತ್ತಿನ ಬೇರೆ ಕಡೆಯ ಹಳೆಯ ಕಬ್ಬಿಣದ ಕೊಡಲಿಗಳಲ್ಲೂ ಇದೇ ಜೋಡಣೆ ಕಾಣುತ್ತದೆ.

ಮೈಗೆ ಅವರು ಆರಿಸಿದ್ದು ಹಳೆಯ ಚಕ್ಕಡಿ ಗಾಲಿಯ ಹಳಿ, ಬಾಯಿಗೆ ಲಾರಿಯ ಪಾಟಾದ ತುಂಡು. ತಿದಿಯ ಜಾಗದಲ್ಲಿ ಈಗ ಕರೆಂಟಿನ ಬ್ಲೋವರ್ ಇದೆ. ಇದ್ದಿಲು ಮಾತ್ರ ಜಾಲಿಯದೇ. ಹಳಿಯನ್ನು ಕಾಯಿಸಿ ನಡುವೆ ಮಡಚಿದರು. ಮಡಿಕೆಯಲ್ಲಿ ಒಂದು ಸರಳು ಇಟ್ಟು ಬಡಿದಾಗ ಕಾವಿನ ಕಣ್ಣು ಮೂಡಿತು. ತುದಿಯ ಎರಡು ಪದರಗಳ ನಡುವೆ ಉಕ್ಕಿನ ತುಂಡನ್ನು, ಬಾಯಿಗೆ ಎಲೆಯಡಿಕೆ ಇಟ್ಟಂತೆ, ಇಟ್ಟರು. ಬಿಳಿಗಾರ ಉದುರಿಸಿ ಮತ್ತೆ ಬೆಂಕಿಗೆ. ಕೆಂಪು ಹೋಗಿ ಹಳದಿಯಾಗಿ, ಹಳದಿ ಹೋಗಿ ಬಿಳಿಯ ಕಡೆ ತಿರುಗುವಾಗ ಕಿಡಿ ಏಳತೊಡಗುತ್ತದೆ. ಅಷ್ಟರಲ್ಲಿ ತೆಗೆಯಬೇಕು. ಒಂದು ಉಸಿರು ತಡವಾದರೆ ಉಕ್ಕು ಸುಟ್ಟು ಹೋಗುತ್ತದೆ, ಮುಂಚೆ ತೆಗೆದರೆ ಹತ್ತುವುದಿಲ್ಲ. ಕಾಕಿ ಚಮ್ಮಟಿಗೆ ಹಿಡಿದು ಎದುರು ನಿಂತಿದ್ದರು. ಗಂಡ ಸಣ್ಣ ಸುತ್ತಿಗೆಯಿಂದ ಎಲ್ಲಿ ತಟ್ಟುತ್ತಾರೋ ಅಲ್ಲಿ ಹೆಂಡತಿಯ ದೊಡ್ಡ ಏಟು. ಮಾತಿಲ್ಲ. ಕಂಬಾರಿಕೆಯನ್ನು ಗಂಡಸಿನ ಕಸುಬು ಎಂದು ಬರೆಯುವವರು ಯಾವ ಕುಲುಮೆ ನೋಡಿದ್ದಾರೋ ನಮಗೆ ತಿಳಿಯದು.

ಕೊನೆಗೆ ಹದ. ಬಾಯಿಯನ್ನಷ್ಟೇ ನೀರಿಗೆ ಅದ್ದಿ ಎತ್ತಿ, ಮರಳಿಗೆ ಉಜ್ಜಿ ಹೊಳಪು ಮಾಡಿ ಕಾದರು. ಹಿಂದೆ ಮೈಯಲ್ಲಿ ಉಳಿದ ಕಾವು ಮೆಲ್ಲಗೆ ಮುಂದಕ್ಕೆ ಹರಿಯುತ್ತದೆ. ಹೊಳಪಿನ ಮೇಲೆ ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ನೇರಳೆ, ನೀಲಿ, ಒಂದರ ಹಿಂದೊಂದು ಬರುತ್ತವೆ. ನೇರಳೆ ಅಂಚಿಗೆ ಮುಟ್ಟಿದ ಕ್ಷಣ ಮತ್ತೆ ನೀರು. ಇದಕ್ಕೆ ಗಡಿಯಾರವೂ ಇಲ್ಲ, ಅಳೆಯುವ ಯಂತ್ರವೂ ಇಲ್ಲ. ವೆಲ್ಡಿಂಗ್ ಅಂಗಡಿಯ ಹುಡುಗ ನಕಲು ಮಾಡಿದ್ದು ಆಕಾರವನ್ನು. ಹದ ಆಕಾರದೊಳಗೆ ಕಾಣುವುದಿಲ್ಲ.

ಇಂಗ್ಲಿಷಿನಲ್ಲಿ ಹಳೆಯ ಭಾರತದ ಉಕ್ಕಿಗೆ 'ವೂಟ್ಜ್' ಎನ್ನುತ್ತಾರೆ. ಅದು ನಮ್ಮ 'ಉಕ್ಕು' ಎಂಬ ಮಾತೇ ಕೆಟ್ಟು ಆದದ್ದು ಎಂಬುದು ಹೆಚ್ಚಿನ ವಿದ್ವಾಂಸರು ಒಪ್ಪುವ ವಿಚಾರ. ಮಣ್ಣಿನ ಮೂಸೆಯಲ್ಲಿ ಕಬ್ಬಿಣ, ಕಟ್ಟಿಗೆ, ಎಲೆ ಹಾಕಿ ಬಾಯಿ ಮುಚ್ಚಿ ಕಾಯಿಸಿ ಮಾಡುತ್ತಿದ್ದ ಈ ಉಕ್ಕಿನ ಬಗ್ಗೆ 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದರು. 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಅದನ್ನು ಮಾಡುವುದನ್ನು ಕಂಡು ಬರೆದಿಟ್ಟರು. ಅಲೆಯಲೆಯಾಗಿ ಹೊಳೆಯುತ್ತಿದ್ದ ದಮಾಸ್ಕಸ್ ಕತ್ತಿಗಳ ಮೂಲ ಈ ಬಗೆಯ ಉಕ್ಕು. ಆಮೇಲೆ ಆ ವಿದ್ಯೆ ಮರೆತೇ ಹೋಯಿತು. ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್‌ಫ್ರೆಡ್ ಪೆಂಡ್ರೆ ಎಷ್ಟೋ ವರ್ಷ ಸೇರಿ ದುಡಿದು ಅಂಥ ಅಲಗನ್ನು ಮತ್ತೆ ಮಾಡಿ ತೋರಿಸಿದರು. ಅದಿರಿನಲ್ಲಿದ್ದ ವೆನೇಡಿಯಂ ಎಂಬ ಧಾತುವಿನ ಚಿಟಿಕೆಯಷ್ಟು ಅಂಶವೇ ಆ ಅಲೆಗಳ ಗುಟ್ಟು ಎಂದರು. ಒಬ್ಬ ಪ್ರೊಫೆಸರ್, ಒಬ್ಬ ಕಮ್ಮಾರ. ಇಬ್ಬರಲ್ಲಿ ಒಬ್ಬರಿಂದಲೇ ಆಗುವ ಕೆಲಸವಲ್ಲ ಅದು.

ನಮ್ಮ ಹುಡುಗನೊಬ್ಬ ಫೋನಿನಲ್ಲಿ 'ದಮಾಸ್ಕಸ್' ಚಾಕುಗಳ ಚಿತ್ರ ತೋರಿಸಿದ. ಈಗ ಆ ಹೆಸರಿನಲ್ಲಿ ಮಾರುವವುಗಳಲ್ಲಿ ಬಹುಪಾಲು ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಮಡಚಿ ಮಾಡಿದವು, ಮೂಸೆಯ ಉಕ್ಕಲ್ಲ. ಕಾಕಾ ಚಿತ್ರವನ್ನು ದೊಡ್ಡದು ಮಾಡಿಸಿ ನೋಡಿ, "ಪದರ ಬೆಸಿಗಿ. ಆದರೂ ಇದೂ ಕೆಲಸಾನ" ಎಂದರು. ಹೆಸರು ಸುಳ್ಳಾದರೂ ಕೈ ಸುಳ್ಳಲ್ಲ ಎಂಬ ಈ ಔದಾರ್ಯ ನಮಗೆ ಹಿಡಿಸಿತು. ಹಾಗೆ ನೋಡಿದರೆ 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋದ ಟಿಪ್ಪುವಿನ ಖಡ್ಗದ ಅಲಗು ಕೂಡ, ಜರ್ಮನಿಯಿಂದ ಬರುತ್ತಿದ್ದ ಅಲಗುಗಳ ಮಾದರಿ ನೋಡಿ ಇಲ್ಲಿಯವರು ಮಾಡಿದ್ದೆಂದು ಹರಾಜಿನವರೇ ಹೇಳಿದ್ದರು. ನಕಲು ಎಂಬುದು ಯಾವಾಗಲೂ ಕೀಳು ಮಾತಲ್ಲ.

ಕುಲುಮೆಯ ಗೋಡೆಯಲ್ಲಿ ತಿಂಥಣಿ ಮೌನೇಶ್ವರನ ಪಟವಿತ್ತು. ಕೃಷ್ಣಾ ದಂಡೆಯ ತಿಂಥಣಿಯ ಈ ಗುರು ಪಾಂಚಾಳರ ಕುಲದವನು. ಅವನ ಜಯಕಾರದಲ್ಲಿ ಪೀರ, ಪೈಗಂಬರ ಎಂಬ ಮಾತುಗಳು ಬರುತ್ತವೆ. ಭಕ್ತರು ಅವನನ್ನು ಮೋನುದ್ದೀನ ಎಂದೂ ಕರೆಯುತ್ತಾರೆ. ನಮ್ಮಲ್ಲಿ ಹಜರತ್ ದಾವೂದರ ಕೈಯಲ್ಲಿ ಅಲ್ಲಾಹನು ಕಬ್ಬಿಣವನ್ನು ಮೆತ್ತಗೆ ಮಾಡಿದ, ಅವರು ಕವಚ ಹೆಣೆದರು ಎಂದು ಕುರ್‌ಆನ್ ಹೇಳುತ್ತದೆ ಎಂದೆವು. ಕಾಕಾ ನಕ್ಕರು. "ಹಂಗಾದ್ರ ನಮ್ಮ ಮನಿಯವನ ಆದಾ."

ಚೂರಿಯ ಪ್ರತಿಗೂ ಇದೇ ಹದ, ಇದೇ ಕಷ್ಟ. ಅದು ಹರಿತವಿರಬೇಕು, ಪ್ರಾಣಿಗೆ ನೋವು ಕಡಿಮೆಯಾಗಬೇಕು, ಅದರ ಕಣ್ಣೆದುರಿಗೆ ಮಸೆಯಬಾರದು ಎಂಬುದು ಪೈಗಂಬರರ ತಾಕೀತು. ಶೋಕಿಗೆ ಮಾಡಿದ ಮೊಂಡ ಚೂರಿಯಿಂದ ಈ ತಾಕೀತನ್ನು ಪಾಲಿಸಲಾಗದು.

ಎರಡು ವರ್ಷದ ಹಿಂದೆ ಕೆಲವು ಹುಡುಗರು ಕಾಕಾನ ಬಳಿ ಬಂದು ಮೆರವಣಿಗೆಗೆ ಹನ್ನೆರಡು ತಲವಾರು ಬೇಕೆಂದರಂತೆ. ಹಳೆಯ ರಾಜರ ಕಾಲದ ನಮೂನೆ, ಫೋಟೋ ತಂದಿದ್ದರು, ಮುಂಗಡ ಹಣವೂ ತಂದಿದ್ದರು. ಯಾವ ಮೆರವಣಿಗೆ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ತಿಂಗಳ ದುಡಿಮೆಯನ್ನು ಅವರು ಬಿಟ್ಟುಕೊಟ್ಟದ್ದು ಪೊಲೀಸರ ಅಂಜಿಕೆಯಿಂದ ಅಷ್ಟೇ ಅಲ್ಲ. "ಏನ ಕಡಿಯೂದೈತಿ ಅಂದ್ಯಾ. ಏನೂ ಇಲ್ಲ, ಬರೇ ತೋರ್ಸಾಕ ಅಂದ್ರು. ಯಾರಿಗೆ ತೋರ್ಸಾಕಪಾ ಅಂದ್ಯಾ. ಸುಮ್ಮನಾದ್ರು."

ನಮ್ಮ ಸೀಮೆಯ ದೊಡ್ಡಾಟದ ಮೇಳಗಳಲ್ಲೂ ಖಡ್ಗಗಳಿವೆ. ಕಟ್ಟಿಗೆಯವು, ಬೇಗಡೆ ಹಚ್ಚಿದವು. ರಾತ್ರಿಯಿಡೀ ಕಾದಾಡಿದರೂ ಒಂದು ಗೀರು ಬೀಳುವುದಿಲ್ಲ. ಅದು ಸುಳ್ಳೆಂದು ನೋಡುವವರಿಗೂ ಗೊತ್ತು, ಹಿಡಿದವನಿಗೂ ಗೊತ್ತು. ಕಂಬಾರನ ಕೊಡಲಿ ನಿಜ, ಅದೂ ಎಲ್ಲರಿಗೂ ಗೊತ್ತು. ಇವೆರಡರ ನಡುವೆ, ಆಟಕ್ಕೂ ಅಲ್ಲದ ಕೆಲಸಕ್ಕೂ ಅಲ್ಲದ ಒಂದು ಹೊಳೆಯುವ ವಸ್ತು ಇತಿಹಾಸದ ಹೆಸರು ಹೇಳಿಕೊಂಡು ಊರೂರಿಗೆ ಬರುತ್ತಿದೆ. ಯಾರ ಮೆರವಣಿಗೆಯಲ್ಲಿ ಬಂದರೂ, ನಮ್ಮವರದೇ ಆದರೂ, ನಮಗೆ ಭಯವಾಗುವುದು ಅದನ್ನು ಕಂಡು.

ಹಳೆಯ ಕೊಡಲಿಯ ಕೆನ್ನೆಯ ಮೇಲೆ ಮೂರು ಚುಕ್ಕೆಗಳ ಗುರುತಿತ್ತು. ಹೊಸದಕ್ಕೂ ಅದನ್ನೇ ಹಾಕಿಕೊಡಿ ಎಂದು ಕೇಳಿದೆವು. ಕಾಕಾ ಒಪ್ಪಲಿಲ್ಲ. "ಅದು ಅಂವಂದು. ನಂದು ಬ್ಯಾರೆ ಐತಿ." ಉಳಿಯಿಂದ ಎರಡು ಅಡ್ಡಗೀರು ಹೊಡೆದು ಕೊಟ್ಟರು. ಎರಡು ಕೊಡಲಿಗೆ ನಾಲ್ಕು ದಿನದ ಕೂಲಿ ತೆಗೆದುಕೊಂಡರು, ಹಳಿಯ ಬೆಲೆ ಬೇರೆ. ಮಗ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿದ್ದಾನೆ. ಸೂಟಿಗೆ ಬಂದಾಗ ಬ್ಲೋವರ್ ರಿಪೇರಿ ಮಾಡಿಕೊಡುತ್ತಾನೆ, ಸುತ್ತಿಗೆ ಹಿಡಿಯುವುದಿಲ್ಲವಂತೆ.

ಹೊರಡುವಾಗ ಮೂಲೆಯಲ್ಲಿದ್ದ ಹಳಿಯ ತುಂಡುಗಳನ್ನು ಕಾಲಿನಿಂದ ಸರಿಸಿ ತೋರಿಸಿದರು. ಮೈಗೆ ಬೇಕಾದ ಮೆತ್ತನೆಯ ಕಬ್ಬಿಣ ಈಗ ಪೇಟೆಯಲ್ಲಿ ಅವರ ಮನಸ್ಸಿಗೆ ಬರುವಂಥದು ಸಿಗುವುದಿಲ್ಲ. ಉಳಿದಿರುವುದು ನಾಲ್ಕು ಕೊಡಲಿಗಾಗುವಷ್ಟು. ಯಾರ ಹಿತ್ತಲಲ್ಲಾದರೂ ಮುರಿದ ಚಕ್ಕಡಿ ಗಾಲಿ ಬಿದ್ದಿದ್ದರೆ ಹೇಳಿ ಕಳಿಸಿ, ರೊಕ್ಕ ಕೊಟ್ಟು ಒಯ್ಯುತ್ತೇನೆ ಎಂದರು.