ಕ್ಷ-ಕಿರಣದ ದೂರದರ್ಶಕ: ನಿಜವೆಷ್ಟು, ವದಂತಿಯೆಷ್ಟು?

ವಸ್ತುವಿನಿಂದ ಹುಟ್ಟುವ ಭಯಕ್ಕಿಂತ ಹೆಸರಿನಿಂದ ಹುಟ್ಟುವ ಭಯವು ಅನೇಕ ವೇಳೆ ಹೆಚ್ಚಿನದಾಗಿರುತ್ತದೆ. 'ಕ್ಷ-ಕಿರಣ'ವೆಂಬ ಮಾತಿನ 'ಕ್ಷ'ಕಾರವು ಕ್ಷಯರೋಗಕ್ಕೆ ಸಂಬಂಧಪಟ್ಟುದೆಂದು ತಿಳಿದವರನ್ನು ನಾವು ಮುಳಬಾಗಿಲಿನಲ್ಲಿಯೇ ಕಂಡಿದ್ದೇವೆ. ವಸ್ತುತಃ 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಪಂಡಿತನು ಈ ಕಿರಣವನ್ನು ಕಂಡು, ಅದರ ಸ್ವರೂಪವು ತಿಳಿಯದಿದ್ದ ಕಾರಣ, ಬೀಜಗಣಿತದ ಅಜ್ಞಾತ ರಾಶಿಯ ಅಕ್ಷರವನ್ನೇ ಅದಕ್ಕೆ ಇಟ್ಟನು. ನಮ್ಮ 'ಕ್ಷ'ಕಾರವೂ ಆ ಅಜ್ಞಾತದ ಗುರುತೇ ಹೊರತು ಕ್ಷಯದ ಗುರುತಲ್ಲ.

2024ನೆಯ ಜನವರಿ 1ರಂದು ನಮ್ಮ ದೇಶದ ವಿಜ್ಞಾನಿಗಳು 'ಎಕ್ಸ್‌ಪೋಸ್ಯಾಟ್' ಎಂಬ ಉಪಗ್ರಹವನ್ನು ಶ್ರೀಹರಿಕೋಟೆಯಿಂದ ಅಂತರಿಕ್ಷಕ್ಕೆ ಕಳುಹಿಸಿದರು. ಅದರಲ್ಲಿರುವ ಎರಡು ಯಂತ್ರಗಳೂ ಬೆಂಗಳೂರಿನವೇ. 'ಪೋಲಿಕ್ಸ್' ಎಂಬುದನ್ನು ರಾಮನ್ ಸಂಶೋಧನಾ ಸಂಸ್ಥೆಯವರೂ, 'ಎಕ್ಸ್‌ಸ್ಪೆಕ್ಟ್' ಎಂಬುದನ್ನು ಯು. ಆರ್. ರಾವ್ ಉಪಗ್ರಹ ಕೇಂದ್ರದವರೂ ನಿರ್ಮಿಸಿದರು. ಹೆಮ್ಮೆಪಡತಕ್ಕ ಈ ಸಂಗತಿಯು ನಮ್ಮ ಬೀದಿಗೆ ಬರುವಷ್ಟರಲ್ಲಿ 'ಆಕಾಶದಿಂದ ಕ್ಷ-ಕಿರಣ ಬಿಡುವ ಯಂತ್ರ' ಎಂದಾಗಿತ್ತು. ನೆರೆಮನೆಯ ಹಿರಿಯಾಕೆಯೊಬ್ಬರು ತಮ್ಮ ಏಳು ತಿಂಗಳ ಗರ್ಭಿಣಿ ಸೊಸೆಯನ್ನು ಮಾಳಿಗೆಗೆ ಹೋಗಗೊಡಲಿಲ್ಲ. ಆ ವರ್ಷದ ಬೇಸಗೆಯ ಸಂಜೆಗಳಲ್ಲಿ ಆ ಹುಡುಗಿಗೆ ಗಾಳಿಯಾಡದ ಒಳಕೋಣೆಯೇ ಗತಿಯಾಯಿತು. ಸಂಗತಿಯನ್ನು ನಮ್ಮ ಮನೆಯವರಿಂದ ತಿಳಿದು ನಾವು ಅಲ್ಲಿಗೆ ಹೋದೆವು. ಅಂದು ಹೇಳಿದುದನ್ನೇ ವಾಚಕರ ಮುಂದೆಯೂ ಇಡುತ್ತೇವೆ.

ಮೊದಲನೆಯದಾಗಿ, ಆಸ್ಪತ್ರೆಯ ಯಂತ್ರವು ದೀಪದಂತೆ, ಕಿರಣವನ್ನು ಬಿಡುತ್ತದೆ. ಈ ದೂರದರ್ಶಕವಾದರೋ ಕಣ್ಣಿನಂತೆ, ನಕ್ಷತ್ರಗಳ ಕಡೆಯಿಂದ ಬರುವ ಕಿರಣವನ್ನು ಗ್ರಹಿಸುವುದೇ ಇದರ ಕೆಲಸ. ಇದು ಯಾರ ಮೇಲೂ ಕ್ಷ-ಕಿರಣವನ್ನು ಬೀರುವುದಿಲ್ಲ.

'ಹಾಗಾದರೆ ನಕ್ಷತ್ರಗಳ ಕಿರಣವೇ ನಮ್ಮ ಮೇಲೆ ಬೀಳುವುದಿಲ್ಲವೇ?' ಎಂದು ಕೇಳಬಹುದು. ಬೀಳುವುದಿಲ್ಲ. ಮೂಡಲ ಬಾಗಿಲೆಂಬುದೇ ಮುಳಬಾಗಿಲಾಯಿತೆಂದು ಬಲ್ಲ ನಮಗೆ ಬಾಗಿಲಿನ ಉಪಮೆ ಸುಲಭ. ವಾಯುಮಂಡಲವು ಬೆಳಕಿಗೆ ತೆರೆದ ಬಾಗಿಲು, ಆಕಾಶದ ಕ್ಷ-ಕಿರಣಕ್ಕೆ ಮುಚ್ಚಿದ ಬಾಗಿಲು. ಆ ಕಿರಣವು ಮೇಲಿನ ಗಾಳಿಯಲ್ಲಿಯೇ ಹೀರಿಹೋಗುವುದರಿಂದ, ಅದನ್ನು ನೋಡಬೇಕೆನ್ನುವವರು ಬಾಗಿಲ ಹೊರಗೆ ಹೋಗಲೇಬೇಕು.

ನಕ್ಷತ್ರಗಳಿಗೆ ಸಮೀಪವಾಗಲೆಂದು ಯಂತ್ರವನ್ನು ಮೇಲಕ್ಕೆ ಕಳುಹಿಸಿದರೆಂಬುದೂ ತಪ್ಪು ತಿಳಿವಳಿಕೆ. ಅದನ್ನು ಏರಿಸಿದ ಎತ್ತರ ಸುಮಾರು 650 ಕಿಲೋಮೀಟರು. ಎಕ್ಸ್‌ಸ್ಪೆಕ್ಟ್ ಮೊದಲು ನೋಡಿದ 'ಕ್ಯಾಸಿಯೋಪಿಯಾ ಎ' ಎಂಬ ಒಡೆದ ನಕ್ಷತ್ರದ ಅವಶೇಷವು ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಮುಂದೆ ಈ ಎತ್ತರವು ಲೆಕ್ಕಕ್ಕೇ ಬಾರದು.

ಇದು ಕಪ್ಪುಕುಳಿಯ ಒಳಗಿನ ಚಿತ್ರವನ್ನು ತೆಗೆಯುವುದೆಂದು ಕೆಲವರು ಹೇಳುತ್ತಾರೆ. ಕಪ್ಪುಕುಳಿಯ ಒಳಗಿನಿಂದ ಕಿರಣವು ಹೊರಬರುವುದೇ ಇಲ್ಲ. ಅದರೊಳಕ್ಕೆ ಬೀಳುವ ಮುನ್ನ ಸುತ್ತುತ್ತ ಅತಿಯಾಗಿ ಕಾದ ಅನಿಲವೇ ಕ್ಷ-ಕಿರಣವನ್ನು ಸೂಸುತ್ತದೆ. ಪೋಲಿಕ್ಸ್ ಯಂತ್ರದಲ್ಲಿ ಅಂತಹ ಕಿರಣವು ಹಗುರವಾದ ಧಾತುವಿನ ತುಂಡಿಗೆ ತಗುಲಿ ಚದರುತ್ತದೆ. ಸುತ್ತಲಿನ ನಾಲ್ಕು ಗ್ರಾಹಕಗಳು ಅದು ಯಾವ ಕಡೆಗೆ ಹೆಚ್ಚಾಗಿ ಚದರಿತೆಂಬುದನ್ನು ಎಣಿಸುತ್ತವೆ. ಇದರಿಂದ ಅಲೆಯು ಯಾವ ದಿಕ್ಕಿನಲ್ಲಿ ತೂಗಾಡುತ್ತಿತ್ತೆಂಬುದು ತಿಳಿದು, ಅದು ಹುಟ್ಟಿದ ಸ್ಥಳದ ರಚನೆಯನ್ನು ಊಹಿಸಬಹುದು. ಈ ಬಗೆಯ ಪರೀಕ್ಷೆಗಾಗಿ ಅಮೆರಿಕದವರು 2021ರಲ್ಲಿ ಒಂದು ದೂರದರ್ಶಕವನ್ನು ಕಳುಹಿಸಿದ್ದರು.

ಇಷ್ಟನ್ನೂ ಕೇಳಿದ ಹಿರಿಯಾಕೆಯು, "ಎಲ್ಲ ಸರಿ ಮೇಷ್ಟ್ರೇ, ಆದರೂ ಅದು ನಮ್ಮ ಮನೆಯ ಮೇಲೆಯೇ ಹಾದುಹೋಗುವುದಲ್ಲ!" ಎಂದರು. "ಇಲ್ಲ ತಾಯಿ, ಅದು ಭೂಮಧ್ಯರೇಖೆಯಿಂದ ಆಚೀಚೆಗೆ ಸುಮಾರು 6 ಅಂಶಗಳೊಳಗೇ ಸುತ್ತುವಂತೆ ಬಿಟ್ಟದ್ದು. ನಮ್ಮ ಊರು ಉತ್ತರಕ್ಕೆ 13 ಅಂಶಗಳಾಚೆ ಇದೆ. ನಿಮ್ಮ ಮಾಳಿಗೆಯ ನೆತ್ತಿಗೆ ಅದು ಬರುವುದೇ ಇಲ್ಲ" ಎಂದೆವು. ಎಚ್ಚರವು ಎಲ್ಲಿ ಬೇಕೆಂಬುದನ್ನೂ ತಿಳಿಸಿದೆವು: ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಮೊದಲು ತಾನು ಗರ್ಭಿಣಿಯೆಂದು ಸೊಸೆಯು ವೈದ್ಯರಿಗೆ ತಪ್ಪದೆ ಹೇಳಬೇಕು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಏಳಮ್ಮಾ, ಚಾಪೆ ತೆಗೆದುಕೊಂಡು ಮೇಲಕ್ಕೆ ಹೋಗು" ಎಂದು ಸೊಸೆಯನ್ನು ಕಳುಹಿಸಿದರು. ಬಳಿಕ ನಮ್ಮ ಕಡೆ ತಿರುಗಿ, "ಗ್ರಹಣದ ದಿನದ ಮಾತು ಮಾತ್ರ ಬೇರೆ, ಮೇಷ್ಟ್ರೇ" ಎಂದರು. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡೆವು.