ಪಿಸ್ತೂಲಿನ ಪರೀಕ್ಷೆ

ಗೃಹಸ್ಥರು ಓದುವ ಪತ್ರಿಕೆಯಲ್ಲಿ ಪಿಸ್ತೂಲಿನ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ನಮ್ಮ ತಾತಂದಿರ ಮನೆಯಲ್ಲಿ ಈಳಿಗೆಮಣೆಗಿಂತ ಹರಿತವಾದ ಆಯುಧ ಯಾವುದೂ ಇರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಕೊಡಗಿನವರಾಗಿದ್ದರೆ ಮಾತು ಬೇರೆ. ಅಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ಊರೇ ನೆರೆದು ನೋಡುತ್ತದೆ. ನಾವಾದರೋ ಬಯಲುಸೀಮೆಯವರು. ಉದ್ಯೋಗನಿಮಿತ್ತವಾಗಿ ಅಮೆರಿಕಾ ದೇಶದ ಓಹಾಯೋ ಸಂಸ್ಥಾನಕ್ಕೆ ಬಂದು ನೆಲೆಸಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ನೆರೆಮನೆಯ ಹಿರಿಯರೊಬ್ಬರ ಒಡನಾಟದಿಂದ ಗುರಿಹೊಡೆಯುವ ಪಂದ್ಯದ ಗೀಳನ್ನು ಹತ್ತಿಸಿಕೊಂಡೆವು. ಆ ಹಿರಿಯರು ಕಾರ್ಖಾನೆಯೊಂದರಲ್ಲಿ ಬಹುಕಾಲ ಲೇತ್ ಯಂತ್ರ ನಡೆಸಿ ನಿವೃತ್ತರಾದವರು; ಮಾತು ಕಡಿಮೆ, ಕಣ್ಣು ಚುರುಕು.

ನಾವು ಹೇಳುವ ಪಂದ್ಯ ಒಲಿಂಪಿಕ್ಸಿನಲ್ಲಿ ಕಾಣುವಂತೆ ನಿಂತಲ್ಲೇ ನಿಂತು ವರ್ತುಲಕ್ಕೆ ಹೊಡೆಯುವಂಥದಲ್ಲ. ಇಲ್ಲಿ ಸೊಂಟದ ಒರೆಯಿಂದ ಪಿಸ್ತೂಲನ್ನು ತೆಗೆದು, ಒಂದೆಡೆಯಿಂದ ಇನ್ನೊಂದೆಡೆಗೆ ಓಡಿ, ಹಲವು ಗುರಿಗಳನ್ನು ಹೊಡೆದು ಮುಗಿಸಬೇಕು. 1976ರಲ್ಲಿ ಮಿಸ್ಸೌರಿ ಸಂಸ್ಥಾನದ ಕೊಲಂಬಿಯಾ ನಗರದಲ್ಲಿ ಸೇರಿದ ಸಭೆಯೊಂದರಲ್ಲಿ ಈ ಆಟಕ್ಕೆ ಅಂತಾರಾಷ್ಟ್ರೀಯ ಸಂಸ್ಥೆಯೊಂದು ಏರ್ಪಟ್ಟಿತು. ಜೆಫ್ ಕೂಪರ್ ಎಂಬವರು ಅದರ ಮೊದಲ ಅಧ್ಯಕ್ಷರು. ನಿಖರತೆ, ಬಲ, ವೇಗ ಎಂಬ ಮೂರೂ ಸಮನಾಗಿರಬೇಕೆಂಬುದು ಅದರ ಧ್ಯೇಯ.

ಎಣಿಕೆಯ ಕ್ರಮವೂ ಸ್ವಾರಸ್ಯವಾದುದು. ಗಳಿಸಿದ ಅಂಕಗಳನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. ನಾವು ಆಡುವ ವರ್ಗದಲ್ಲಿ ಗುರಿಯ ನಡುಭಾಗಕ್ಕೆ ಬಿದ್ದ ಗುಂಡಿಗೆ 5 ಅಂಕ, ಅದರ ಆಚೆಗೆ 3, ಅಂಚಿಗೆ 1. ತಪ್ಪಿದರೆ 10 ಅಂಕ ಕಳೆಯುತ್ತಾರೆ. ಹನ್ನೆರಡು ಗುಂಡುಗಳನ್ನೂ ನಡುವಿಗೇ ಹೊಡೆದು 12 ಸೆಕೆಂಡು ತೆಗೆದುಕೊಂಡವನಿಗೆ 60ನ್ನು 12ರಿಂದ ಭಾಗಿಸಿ 5 ಬರುತ್ತದೆ. ಮೂರು ಗುಂಡು ನಡುವಿನ ಆಚೆಗೆ ಬಿದ್ದರೂ 10 ಸೆಕೆಂಡಿಗೇ ಮುಗಿಸಿದವನಿಗೆ 54ನ್ನು 10ರಿಂದ ಭಾಗಿಸಿ 5.4. ಅವನೇ ಗೆದ್ದ. ಆದರೆ ಅವನ ಇನ್ನೊಂದು ಗುಂಡು ಗುರಿಯನ್ನೇ ತಪ್ಪಿತೆನ್ನಿ. ಲೆಕ್ಕ ಒಮ್ಮೆಗೇ 3.9ಕ್ಕೆ ಇಳಿಯುತ್ತದೆ. ಆತುರಕ್ಕೆ ಬಹುಮಾನವೂ ಉಂಟು, ದಂಡವೂ ಉಂಟು. ಸಂಸಾರಿಗಳಿಗೆ ಇದು ಹೊಸ ಪಾಠವೇನೂ ಅಲ್ಲ.

ನಮ್ಮಲ್ಲಿದ್ದದ್ದು ಇಡಿಯಾಗಿ ಉಕ್ಕಿನಿಂದ ಮಾಡಿದ ಹಳೆಯ ಪಿಸ್ತೂಲು. ಪಂದ್ಯದ ಪಟ್ಟಿಯಲ್ಲಿ ನಮ್ಮ ಹೆಸರು ಸದಾ ಕೆಳಗಿನಿಂದ ಓದಿದರೆ ಬೇಗ ಸಿಕ್ಕುವಂತಿರುತ್ತಿತ್ತು. ನಮಗಿಂತ ಮೇಲಿದ್ದವರಲ್ಲಿ ಅನೇಕರ ಕೈಯಲ್ಲಿ ಪಾಲಿಮರಿನ, ಎಂದರೆ ಗಟ್ಟಿ ಪ್ಲಾಸ್ಟಿಕ್ಕಿನ, ಚೌಕಟ್ಟುಳ್ಳ ಪಿಸ್ತೂಲುಗಳಿದ್ದುವು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಮಗೂ ನಮ್ಮ ಪಿಸ್ತೂಲಿನಲ್ಲೇ ದೋಷ ಕಾಣತೊಡಗಿತು.

ಈ ಪ್ಲಾಸ್ಟಿಕ್ ಪಿಸ್ತೂಲಿನ ಚರಿತ್ರೆ ಬಹಳ ಹಳೆಯದಲ್ಲ. ಜರ್ಮನಿಯ ಹೆಕ್ಲರ್ ಮತ್ತು ಕಾಖ್ ಸಂಸ್ಥೆ 1970ರಲ್ಲಿಯೇ ಇಂಥದೊಂದನ್ನು ಹೊರತಂದಿತ್ತಾದರೂ ಲೋಕದಲ್ಲಿ ಅದಕ್ಕೆ ನೆಲೆ ದೊರಕಿಸಿದವರು ಆಸ್ಟ್ರಿಯಾ ದೇಶದ ಗ್ಯಾಸ್ಟನ್ ಗ್ಲಾಕ್. ಕಿಟಕಿಯ ಪರದೆಯ ಸರಳು, ಸೈನಿಕರ ಚೂರಿ ಮೊದಲಾದುವನ್ನು ತಯಾರಿಸುತ್ತಿದ್ದ ಆ ಗೃಹಸ್ಥರು ಪಿಸ್ತೂಲಿನ ಕಸುಬಿಗೆ ಹೊಸಬರು. ಹಾಗಿದ್ದೂ ಅವರ ಪಿಸ್ತೂಲನ್ನು 1982ರಲ್ಲಿ ಆಸ್ಟ್ರಿಯಾದ ಸೈನ್ಯ ಸ್ವೀಕರಿಸಿತು. ಅವರು 2023ರಲ್ಲಿ ತೀರಿಕೊಳ್ಳುವ ವೇಳೆಗೆ ಅನೇಕ ದೇಶಗಳ ಪೋಲೀಸರ ಸೊಂಟದಲ್ಲಿ ಅದು ನೇತಾಡುತ್ತಿತ್ತು. ಮೊದಮೊದಲು ಅಮೆರಿಕಾದಲ್ಲಿ, ಪ್ಲಾಸ್ಟಿಕ್ಕಾದುದರಿಂದ ವಿಮಾನನಿಲ್ದಾಣದ ಯಂತ್ರದ ಕಣ್ಣಿಗೆ ಇದು ಬೀಳುವುದಿಲ್ಲವೆಂಬ ಗುಲ್ಲೆದ್ದಿತು. ಚೌಕಟ್ಟು ಮಾತ್ರ ಪ್ಲಾಸ್ಟಿಕ್ಕು. ನಳಿಗೆಯೂ ಅದರ ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡೆಂಬ ಭಾಗವೂ ಉಕ್ಕೇ ಆದುದರಿಂದ ತೂಕದ ಬಹುಪಾಲು ಲೋಹವೇ. ಆ ಗುಲ್ಲಿನ ಫಲವಾಗಿ, ಯಂತ್ರಕ್ಕೆ ಕಾಣದ ಆಯುಧಗಳನ್ನು ನಿಷೇಧಿಸುವ ಶಾಸನವೊಂದು 1988ರಲ್ಲಿ ಜಾರಿಗೆ ಬಂದಿತು. ಈ ಪಿಸ್ತೂಲಿಗೆ ಅದರಿಂದ ಏನೂ ಬಾಧಕವಾಗಲಿಲ್ಲ.

ನಾವು ಪರೀಕ್ಷಿಸಿದ ಪಿಸ್ತೂಲನ್ನು ಮಾಡಿದವರ ಹೆಸರನ್ನು ಹೇಳುವುದಿಲ್ಲ. ಹೊಗಳಿದರೆ ಜಾಹೀರಾತು, ತೆಗಳಿದರೆ ಅಪವಾದ. ಹಿರಿಯರು ತಮ್ಮದನ್ನು ಒಂದು ವಾರದ ಮಟ್ಟಿಗೆ ಎರವಲು ಕೊಟ್ಟರು. ಮನೆಗೆ ತಂದು, ಖಾಲಿ ಇದೆಯೆಂದು ಎರಡೆರಡು ಸಲ ನೋಡಿ, ಅಡಿಗೆಮನೆಯ ತಕ್ಕಡಿಯ ಮೇಲಿಟ್ಟೆವು.

"ಅಕ್ಕಿ ಬೇಳೆ ತೂಗುವ ತಕ್ಕಡಿಯಲ್ಲಿ ಇದನ್ನೇನೂಂದ್ರೆ ತೂಗುವುದು?" ಎಂದರು ನಮ್ಮ ಮನೆಯಾಕೆ.

ಖಾಲಿ ಮ್ಯಾಗಜೀನು ಸೇರಿ ಹೊಸದು 710 ಗ್ರಾಂ, ಹಳೆಯದು 1,090. (ಮ್ಯಾಗಜೀನೆಂದರೆ ತೋಟಾಗಳನ್ನು ತುಂಬುವ ಡಬ್ಬಿ, ವಾಚಕರ ಕೈಯಲ್ಲಿರುವಂಥದಲ್ಲ.) ಕೊಕ್ಕೆಯ ತಕ್ಕಡಿಯಿಂದ ಟ್ರಿಗರನ್ನು ಎಳೆದು ನೋಡಿದೆವು. ಹಳೆಯದರಲ್ಲಿ ಮೊದಲ ಎಳೆತಕ್ಕೆ ನಾಲ್ಕೂವರೆ ಕಿಲೋ ಬಲ ಬೇಕು, ಎರಡನೆಯದಕ್ಕೆ ಎರಡು ಕಿಲೋ ಸಹ ಬೇಡ. ಹೊಸದರಲ್ಲಿ ಪ್ರತಿಯೊಂದು ಎಳೆತಕ್ಕೂ ಒಂದೇ ಸಮನೆ ಎರಡೂವರೆ ಕಿಲೋ. ಬೆರಳು ಎರಡು ಬಗೆಯ ಪಾಠ ಕಲಿಯಬೇಕಾದುದಿಲ್ಲ. ಇದು ದೊಡ್ಡ ಅನುಕೂಲ. ಆದರೆ ಕೈಯಿಂದ ಹಾಕಿ ತೆಗೆಯುವ ಅಗುಳಿ ಇದರಲ್ಲಿಲ್ಲ. ಟ್ರಿಗರಿನ ನಡುವೆಯೇ ಒಂದು ಚಿಕ್ಕ ಎಲೆಯುಂಟು. ಬೆರಳು ಅದನ್ನು ಒತ್ತಿದ ಹೊರತು ಟ್ರಿಗರು ಅಲುಗದು. ಕೈಜಾರಿ ಬಿದ್ದರೆ ಗುಂಡು ಹಾರದಂತೆ ಒಳಗೆ ಬೇರೆ ತಡೆಗಳುಂಟು. ಆದರೆ ಬೆರಳೇ ಒತ್ತಿದರೆ? ಆಗ ತಡೆಯುವವರು ಯಾರೂ ಇಲ್ಲ. ಈ ವಾಕ್ಯವನ್ನು ನಮ್ಮ ಟಿಪ್ಪಣಿಯ ಪುಸ್ತಕದಲ್ಲಿ ನಾವೇ ಬರೆದು ಅಡಿಗೆರೆ ಎಳೆದಿದ್ದೆವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಭಾನುವಾರ ಎರಡು ಪಿಸ್ತೂಲುಗಳನ್ನೂ ಒಂದೇ ಬಗೆಯ ತೋಟಾಗಳಿಂದ ಪರೀಕ್ಷಿಸಿದೆವು. ಬಲದ ನಿಯಮಕ್ಕೆ ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿಯೂ ವೇಗವನ್ನು ಸೆಕೆಂಡಿಗೆ ಇಷ್ಟು ಅಡಿಯೆಂದೂ ಹಿಡಿದು, ಗುಣಿಸಿ, ಸಾವಿರದಿಂದ ಭಾಗಿಸುತ್ತಾರೆ, 125ಕ್ಕೆ ಕಡಿಮೆಯಾಗಬಾರದು. ನಮ್ಮ 124 ಗ್ರೇನ್ ಗುಂಡು 1,050 ಅಡಿಯ ವೇಗದಲ್ಲಿ ಹೋಗಿ 130ನ್ನು ಮುಟ್ಟಿತು. 25 ಗಜ ದೂರದಿಂದ ಮೇಜಿಗೆ ಕೈಯೂರಿ ನಿಧಾನವಾಗಿ ಹೊಡೆದಾಗ ಹಳೆಯ ಪಿಸ್ತೂಲಿನ ಐದು ಗುಂಡುಗಳು ಮೂರೂವರೆ ಅಂಗುಲದೊಳಗೆ ಕೂಡಿದುವು, ಹೊಸದರವು ನಾಲ್ಕು ಅಂಗುಲ. ಒರೆಯಿಂದ ತೆಗೆದು 10 ಗಜದ ಗುರಿಗೆ ಮೊದಲ ಗುಂಡು ಹೊಡೆಯುವುದರಲ್ಲಿ ಹಳೆಯದಕ್ಕೆ 2.1 ಸೆಕೆಂಡಾದರೆ ಹೊಸದಕ್ಕೆ 1.8. ಹಗುರವಾದುದರಿಂದ ಒದೆತ ಕೈಗೆ ಹೆಚ್ಚಾಗಿ ತಿಳಿಯುತ್ತಿತ್ತು. ಆದರೆ ನಳಿಗೆ ಮುಷ್ಟಿಗೆ ಸಮೀಪವಾಗಿ ತಗ್ಗಿನಲ್ಲಿರುವುದರಿಂದ ಮೂತಿ ಅತಿಯಾಗಿ ಮೇಲೇಳುತ್ತಿರಲಿಲ್ಲ. ಒಂದು ಸಲ ನಾವು ಮಣಿಕಟ್ಟನ್ನು ಸಡಿಲಬಿಟ್ಟೆವಾಗಿ ಖಾಲಿ ತೋಟಾ ಹೊರಹಾರದೆ ಸಿಕ್ಕಿಕೊಂಡಿತು. ಸ್ಲೈಡು ಹಿಂದಕ್ಕೆ ಪೂರಾ ಸರಿಯಬೇಕಾದರೆ ಚೌಕಟ್ಟು ಅಲುಗದೆ ನಿಲ್ಲಬೇಕು. ಭಾರವಾದ ಉಕ್ಕು ತಾನೇ ಬಹುಮಟ್ಟಿಗೆ ನಿಲ್ಲುತ್ತದೆ, ಹಗುರವಾದ ಪ್ಲಾಸ್ಟಿಕ್ಕಿಗೆ ಕೈಯ ಆಸರೆ ಹೆಚ್ಚಾಗಿ ಬೇಕು. ಬಾಕಿ ನಾಲ್ಕು ನೂರು ತೋಟಾಗಳಲ್ಲಿ ಯಾವ ತೊಡಕೂ ಇರಲಿಲ್ಲ. ಓಹಾಯೋದ ಚಳಿಯಲ್ಲಿ ಉಕ್ಕಿನಷ್ಟು ಅಂಗೈಯನ್ನು ಕೊರೆಯದೆಂಬುದೂ ಸಣ್ಣ ಗುಣವಲ್ಲ.

ಒಂದು ಸಂಗತಿ ಮಾತ್ರ ಎರಡಕ್ಕೂ ಸಾಮಾನ್ಯವಾಗಿತ್ತು. ನಿಂತು ಬೇಗ ಹೊಡೆದಾಗ ಗುಂಡುಗಳೆಲ್ಲ ಗುರಿಯ ಕೆಳಗೆ ಎಡಕ್ಕೆ ಬೀಳುತ್ತಿದ್ದುವು. ನಾವು ಇದನ್ನೂ ಗುರಿ ನೋಡುವ ಗುಬುಟಿನ ತಲೆಗೆ ಕಟ್ಟಲು ಹೊರಟೆವು. ಹಿರಿಯರು ಏನೂ ಹೇಳದೆ ಮ್ಯಾಗಜೀನನ್ನು ತೆಗೆದುಕೊಂಡು, ನಮಗೆ ಕಾಣದಂತೆ ನಿಜವಾದ ತೋಟಾಗಳ ನಡುವೆ ಎರಡು ಹುಸಿ ತೋಟಾಗಳನ್ನು ಸೇರಿಸಿಕೊಟ್ಟರು. ಮೂರನೆಯ ಸಲಕ್ಕೆ ಹುಸಿ ಬಂದಿತು. ಗುಂಡು ಹಾರಲಿಲ್ಲ, ಒದೆತವಿಲ್ಲ. ಆದರೂ ಪಿಸ್ತೂಲಿನ ಮೂತಿ ಎರಡು ಅಂಗುಲ ಕೆಳಕ್ಕೆ ಕುಸಿದುದನ್ನು ನಮ್ಮ ಕಣ್ಣೇ ಕಂಡಿತು. ಬರಲಿರುವ ಸದ್ದಿಗೆ ಹೆದರಿ ಕೈ ಮೊದಲೇ ಬಾಗುತ್ತಿತ್ತು.

"ಪಿಸ್ತೂಲು ನೆಟ್ಟಗಿದೆ. ನಿಮ್ಮ ಕೈ ಹೆದರಿದೆ. ಹೊಸದನ್ನು ಕೊಳ್ಳುವ ಹಣಕ್ಕೆ ತೋಟಾ ಕೊಳ್ಳಿ" ಎಂದರು ಹಿರಿಯರು.

ಬುದ್ಧಿಮಾತು ಕಿವಿಗೆ ಬಿದ್ದಿತು, ಮನಸ್ಸಿಗೆ ಇಳಿಯಲಿಲ್ಲ. ಆ 0.3 ಸೆಕೆಂಡಿನ ಉಳಿತಾಯ ನಮ್ಮ ತಲೆಯಲ್ಲಿ ಕುಣಿಯುತ್ತಿತ್ತು. ಭಾರತದಲ್ಲಾಗಿದ್ದರೆ 9 ಮಿಲಿಮೀಟರಿನ ಪಿಸ್ತೂಲು ಸಾಮಾನ್ಯ ಗೃಹಸ್ಥನಿಗೆ ನಿಷಿದ್ಧ. ಇಲ್ಲಿ ಅಂಗಡಿಯವನ ಮುಂದೆ ಸರಕಾರದ ನಮೂನೆಯನ್ನು ತುಂಬಿ, ನಮ್ಮ ಪೂರ್ವಾಪರದ ವಿಚಾರಣೆ ಮುಗಿದರೆ ಸಾಕು. ಇದಕ್ಕಿಂತ ಕಠಿಣವಾದ ವಿಚಾರಣೆ ಮನೆಯಲ್ಲಿ ನಡೆಯಿತು. ಮನೆಯಾಕೆ ಮೂರು ಷರತ್ತುಗಳನ್ನು ಹಾಕಿದರು: ಪಿಸ್ತೂಲು ಸದಾ ಬೀಗದ ಪೆಟ್ಟಿಗೆಯಲ್ಲಿರತಕ್ಕದ್ದು, ತೋಟಾಗಳು ಬೇರೆ ಕೋಣೆಯಲ್ಲಿ ಬೇರೆ ಬೀಗದಲ್ಲಿರತಕ್ಕದ್ದು, ಎಂದಾದರೊಂದು ದಿನ ನಾವು ಎಚ್ಚರ ತಪ್ಪಿದರೆ ಅಂದೇ ಅದು ಮನೆಯಿಂದ ಹೊರಗೆ ಹೋಗತಕ್ಕದ್ದು. ಮೂರಕ್ಕೂ ತಲೆದೂಗಿ ಕೊಂಡುತಂದೆವು.

ಮುಂದಿನ ಪಂದ್ಯಕ್ಕೆ ಹನ್ನೆರಡು ವಯಸ್ಸಿನ ನಮ್ಮ ಮಗನನ್ನೂ ಕರೆದುಕೊಂಡು ಹೋದೆವು. ಆಯುಧವೆಲ್ಲವೂ ತುಂಬಿದೆಯೆಂದೇ ಭಾವಿಸು, ನಾಶವಾಗಬಾರದ ಯಾವುದರ ಕಡೆಗೂ ಮೂತಿ ತಿರುಗಿಸಬೇಡ, ಗುರಿ ನೋಡುವವರೆಗೆ ಬೆರಳು ಟ್ರಿಗರಿನ ಹೊರಗಿರಲಿ, ಗುರಿಯೇನು ಅದರ ಹಿಂದೇನು ಎಂಬುದನ್ನು ಅರಿತಿರು ಎಂಬ ನಾಲ್ಕು ನಿಯಮಗಳನ್ನು ಅವನಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದವರು ನಾವೇ. ಗಡಿಯಾರದ ಸದ್ದಾಯಿತು. ಮೊದಲ ಆರು ಗುಂಡುಗಳು ಚೆನ್ನಾಗಿಯೇ ಹೋದುವು. ಎಡಕ್ಕೆ ಓಡುತ್ತ ಮ್ಯಾಗಜೀನು ಬದಲಾಯಿಸುತ್ತಿದ್ದೆವು, ಆ 0.3 ಸೆಕೆಂಡು ಇನ್ನೂ ತಲೆಯಲ್ಲಿತ್ತು. "ನಿಲ್ಲಿ!" ಎಂಬ ಕೂಗು ಕೇಳಿಸಿತು. ಕೆಳಗೆ ನೋಡಿದರೆ ನಮ್ಮ ತೋರುಬೆರಳು ಟ್ರಿಗರಿನ ಮೇಲೆ ಕುಳಿತಿದೆ.

ಗುಂಡು ಹಾರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಪಂದ್ಯದ ನಿಯಮ ಅದನ್ನು ಕೇಳುವುದಿಲ್ಲ. ಮ್ಯಾಗಜೀನು ಬದಲಾಯಿಸುವಾಗ ಬೆರಳು ಒಳಗಿದ್ದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು. ಹೊಸಬರೆಂಬ ರಿಯಾಯಿತಿಯೂ ಇಲ್ಲ, ಹಳಬರೆಂಬ ದಾಕ್ಷಿಣ್ಯವೂ ಇಲ್ಲ. ಅಧಿಕಾರಿ ಮರ್ಯಾದೆಯಿಂದಲೇ ಪಿಸ್ತೂಲನ್ನು ಖಾಲಿ ಮಾಡಿಸಿ, ಕೈಕುಲುಕಿ, ಕಳುಹಿಸಿಕೊಟ್ಟರು.

ಕಾರಿನಲ್ಲಿ ಅರ್ಧ ದಾರಿಯವರೆಗೆ ಮಾತಿಲ್ಲ. ಆಮೇಲೆ ಮಗ ಮೆಲ್ಲಗೆ, "ಅಪ್ಪ, ಬೆರಳು ಹೊರಗಿರಬೇಕೆಂದು ನೀವೇ ಹೇಳಿಕೊಟ್ಟಿದ್ದಿರಲ್ಲ?" ಎಂದ. ಅವನ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ, ಭಯವಿತ್ತು. ಅದು ನಮ್ಮನ್ನು ಚುಚ್ಚಿದಷ್ಟು ಯಾವ ದಂಡವೂ ಚುಚ್ಚಲಿಲ್ಲ.

ಮನೆಯಾಕೆಗೆ ಹೇಳದೆ ಇರಬಹುದಾಗಿತ್ತು. ಮಗನೂ ಹೇಳುತ್ತಿರಲಿಲ್ಲವೆಂದು ತೋರುತ್ತದೆ. ಆದರೆ ಅಪ್ಪನ ತಪ್ಪನ್ನು ಮುಚ್ಚುವ ಹೊರೆಯನ್ನು ಮಗನ ತಲೆಗೆ ಹೊರಿಸುವುದು ಮೊದಲ ತಪ್ಪಿಗಿಂತ ದೊಡ್ಡ ತಪ್ಪು. ಆ ರಾತ್ರಿ ಊಟಕ್ಕೆ ಕುಳಿತಾಗ, ಅವನೆದುರಿಗೇ, ನಡೆದುದನ್ನೆಲ್ಲ ಹೇಳಿದೆವು. ಆಕೆ ಬಡಿಸುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರನೆಯ ಷರತ್ತು ನೆನಪಿದೆಯಲ್ಲ?" ಎಂದರು. ನೆನಪಿತ್ತು. ಆ ರಾತ್ರಿಯೇ ಎರಡು ಪಿಸ್ತೂಲುಗಳೂ ಪೆಟ್ಟಿಗೆಸಮೇತ ಹಿರಿಯರ ಮನೆಯ ಕಬ್ಬಿಣದ ಬೀರುವನ್ನು ಸೇರಿದುವು. ಹಿರಿಯರು ಕಾರಣ ಕೇಳಲಿಲ್ಲ.

ಆರು ತಿಂಗಳು ಪಂದ್ಯವಿಲ್ಲ. ವಾರಕ್ಕೊಮ್ಮೆ ಹಿರಿಯರ ಕಣ್ಣೆದುರಿನಲ್ಲಿ, ಹೆಚ್ಚಾಗಿ ಹುಸಿ ತೋಟಾಗಳಿಂದಲೇ ಅಭ್ಯಾಸ ಮಾಡಿದೆವು. ತೆಗೆಯುವುದು, ನಿಲ್ಲುವುದು, ಮ್ಯಾಗಜೀನು ಬದಲಾಯಿಸುವುದು. ಪ್ರತಿ ಸಲವೂ ಬೆರಳು ಚೌಕಟ್ಟಿನ ಪಕ್ಕಕ್ಕೆ ನೇರವಾಗಿ ಒರಗಿರಬೇಕು. ಬೇಸರದ ಕೆಲಸ, ಸರಳೆ ಜಂಟಿ ವರಸೆಗಳಂತೆ. ಮೂತಿ ಕುಸಿಯುವುದು ನಾಲ್ಕನೆಯ ತಿಂಗಳಿನಲ್ಲಿ ಕಡಿಮೆಯಾಯಿತು. ಆಶ್ಚರ್ಯವೆಂದರೆ, ಒಂದು ದಿನ ಕುತೂಹಲಕ್ಕಾಗಿ ಹಳೆಯ ಉಕ್ಕಿನ ಪಿಸ್ತೂಲನ್ನು ಹಿಡಿದು ನೋಡಿದರೆ ಅದರ ಗುಂಡುಗಳೂ ನಡುವಿಗೇ ಬಿದ್ದುವು. ನಾವು ದೂರಿದ್ದ ದೋಷಗಳೆಲ್ಲ ಎಲ್ಲಿಗೆ ಹೋದುವೋ ತಿಳಿಯದು.

ಹಾಗಾದರೆ ಪರೀಕ್ಷೆಯ ಫಲವೇನೆಂದು ವಾಚಕರು ಕೇಳಬಹುದು. ಪಾಲಿಮರಿನ ಪಿಸ್ತೂಲು ಪಂದ್ಯಕ್ಕೆ ಯೋಗ್ಯವಾದುದೇ: ಹಗುರ, ಬೆಲೆಯಲ್ಲಿ ಮಿತ, ತುಕ್ಕಿನ ಕಾಟ ಕಡಿಮೆ, ಟ್ರಿಗರಿನ ನಡತೆ ಸದಾ ಒಂದೇ. ಒದೆತ ಹೆಚ್ಚು, ಕೈಯ ಹಿಡಿತ ಗಟ್ಟಿಯಾಗಿರಬೇಕು ಎಂಬುವು ಅದರ ಕುಂದುಗಳು. ಈ ದೇಶಗಳಲ್ಲಿರುವ ನಮ್ಮವರು ಯಾರಾದರೂ ಕೊಳ್ಳುವುದಾದರೆ ಮೊದಲು ಅಂಗೈಗೆ ಕೂರುವುದೇ ಎಂದು ನೋಡಲಿ, ಅಳತೆಯ ಪಟ್ಟಿಯನ್ನು ಆಮೇಲೆ ಓದಲಿ. ಪಿಸ್ತೂಲಿಗೆ ಕೊಟ್ಟಷ್ಟು ಹಣವನ್ನು ತೋಟಾಗಳಿಗೂ ಅಭ್ಯಾಸಕ್ಕೂ ತೆಗೆದಿಡಲಿ. ಅಗುಳಿಯಿಲ್ಲದ ಆಯುಧಕ್ಕೆ ಕೊಂಡವನ ಬೆರಳೇ ಅಗುಳಿ. ಅದನ್ನು ಪರೀಕ್ಷಿಸದೆ ಪಿಸ್ತೂಲನ್ನು ಪರೀಕ್ಷಿಸಿದೆವೆಂದರೆ ಅರ್ಧ ಕೆಲಸವನ್ನೂ ಮಾಡಿದಂತಲ್ಲ.

ಆರು ತಿಂಗಳಾದ ಮೇಲೆ ಪೆಟ್ಟಿಗೆಗಳು ಮನೆಗೆ ಬಂದುವು. ಬರಬಹುದೆಂದು ಹೇಳಿದವರು ಮನೆಯಾಕೆಯೇ. ಈಗ ಪಂದ್ಯದ ಪಟ್ಟಿಯಲ್ಲಿ ನಮ್ಮ ಹೆಸರು ನಡುವಿನಲ್ಲಿ ಎಲ್ಲೋ ಇರುತ್ತದೆ. ಈ ಸಲದ ಆಯುಧಪೂಜೆಯ ದಿನ ಆಕೆ ಈಳಿಗೆಮಣೆ, ರುಬ್ಬುವ ಯಂತ್ರ, ಕಾರು ಎಲ್ಲಕ್ಕೂ ಕುಂಕುಮವಿಟ್ಟರು. ಪಿಸ್ತೂಲನ್ನು ತೆಗೆದಿಡಲೇ ಎಂದು ಕೇಳಿದೆವು. "ಅದು ಒಳಗೇ ಇರಲಿ, ಬೀಗದಕೈ ಕೊಡಿ" ಎಂದು ಇಸಿದುಕೊಂಡು, ಅದಕ್ಕೆ ಕುಂಕುಮವಿಟ್ಟು, ಮಗನ ಕೈಯಿಂದ ಒಂದು ಹೂವನ್ನು ಏರಿಸಿದರು.